ಯಾರ ಕೈಗೆ ಯಾವ ಪುಸ್ತಕ: ಕೂಸಿನಿಂದ ಸಂಶೋಧಕರವರೆಗೆ

"ಎಂಟು ವರ್ಷದ ಹುಡುಗನಿಗೆ ಒಂದು ಒಳ್ಳೆಯ ಕನ್ನಡ ಪುಸ್ತಕ ಹೇಳಿ" ಎಂದರೆ ಯಾರೂ ಸರಿಯಾಗಿ ಹೇಳಲಾರರು. ಎಂಟು ವರ್ಷದ ಇಬ್ಬರಲ್ಲಿ ಒಬ್ಬಳು ಊರಿನ ಕನ್ನಡ ಶಾಲೆಯಲ್ಲಿ ಒತ್ತಕ್ಷರಗಳನ್ನು ಸಲೀಸಾಗಿ ದಾಟುತ್ತಿರುತ್ತಾಳೆ. ಇನ್ನೊಬ್ಬ ಇಂಗ್ಲಿಷ್ ಮಾಧ್ಯಮದಲ್ಲಿದ್ದು, ಮನೆಯಲ್ಲಿ ಪಟಪಟನೆ ಕನ್ನಡ ಮಾತಾಡಿದರೂ 'ಪುಸ್ತಕ' ಎಂಬ ಪದದ ಎದುರೇ ನಿಂತುಬಿಡುತ್ತಾನೆ. ಅಮೆರಿಕದಲ್ಲೋ ದುಬೈಯಲ್ಲೋ ಬೆಳೆಯುವ ಕನ್ನಡದ ಮಗುವಿನ ಲೆಕ್ಕ ಮತ್ತೊಂದು. ಹಾಗೆಯೇ ಎಂ.ಎ. ಮಾಡಿದವರೆಲ್ಲ ಹಳಗನ್ನಡ ಓದಬಲ್ಲರು ಎಂದೇನಿಲ್ಲ. ಆದ್ದರಿಂದ ವಯಸ್ಸು, ತರಗತಿ, ಪದವಿಗಳನ್ನು ಆಮೇಲೆ ನೋಡೋಣ. ಮೊದಲು ಒಂದು ಪುಟ ತೆರೆದು ಓದಿಸಬೇಕು.

ಪುಟದ ಪರೀಕ್ಷೆ

ಪುಸ್ತಕದ ನಡುಭಾಗದಿಂದ ಒಂದು ಪುಟ ತೆಗೆಯಿರಿ. ಮೊದಲ ಪುಟ ಬೇಡ, ಅದನ್ನು ಲೇಖಕರು ವಿಶೇಷವಾಗಿ ತಿದ್ದಿ ತೀಡಿರುತ್ತಾರೆ; ಒಳಗಿನ ಹದ ಅಲ್ಲಿ ತಿಳಿಯುವುದಿಲ್ಲ. ಓದುವವರು 10 ಸಾಲನ್ನು ಗಟ್ಟಿಯಾಗಿ ಓದಲಿ. ನಡುವೆ ತಿದ್ದಬೇಡಿ. ಎಲ್ಲಿ ನಿಂತರು, ಯಾಕೆ ನಿಂತರು ಎಂಬುದನ್ನಷ್ಟೇ ಗಮನಿಸಿ.

ನಿಲ್ಲುವುದರಲ್ಲಿ ನಾಲ್ಕು ಬಗೆ ಇದೆ. ಒತ್ತಕ್ಷರದ ಹತ್ತಿರ ನಿಂತರೆ ತೊಡಕು ಲಿಪಿಯದು. ಅದೇ ಮಟ್ಟದ ಕತೆಯನ್ನು ಸರಳ ಅಕ್ಷರಗಳಲ್ಲಿ ಹೇಳುವ ಪುಸ್ತಕ ಬೇಕು. ಉದ್ದದ ಕೂಡುಪದದ ಹತ್ತಿರ ನಿಂತರೆ ಅದು ಅಭ್ಯಾಸದ ಕೊರತೆ; ಚಿಕ್ಕ ವಾಕ್ಯಗಳ, ಸಂಭಾಷಣೆ ಹೆಚ್ಚಿರುವ ಪುಸ್ತಕ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಸರಿಹೋಗುತ್ತದೆ. ಪದವನ್ನು ಸರಿಯಾಗಿ ಓದಿ ಅರ್ಥ ಗೊತ್ತಾಗದೆ ತಲೆ ಎತ್ತಿದರೆ ಪದಸಂಪತ್ತಿನ ಪ್ರಶ್ನೆ. ನಾಲ್ಕನೆಯದು ಸುಲಭಕ್ಕೆ ಕಾಣುವುದಿಲ್ಲ: ಎಲ್ಲೂ ತಡವರಿಸದೆ ಓದಿ ಮುಗಿಸುತ್ತಾರೆ, ಏನಾಯಿತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಇಲ್ಲಿ ಪುಸ್ತಕದ ವಿಷಯವೋ ವಾಕ್ಯದ ಹೆಣಿಗೆಯೋ ಓದುಗರಿಗೆ ದೂರದ್ದು. ಇಂಥವರ ಸರಾಗ ಓದಿಗೆ ಮನಸೋತು ಇನ್ನೂ ದೊಡ್ಡ ಪುಸ್ತಕ ಕೊಟ್ಟರೆ ಅವರು ಓದುವುದನ್ನೇ ಬಿಟ್ಟುಬಿಡುವ ಅಪಾಯವಿದೆ.

10 ಸಾಲಿನಲ್ಲಿ ಎರಡು ಮೂರು ಕಡೆ ನಿಂತರೆ ಒಬ್ಬರೇ ಓದಿಕೊಳ್ಳಬಹುದು. ನಾಲ್ಕೈದು ಕಡೆಯಾದರೆ ಜೊತೆಗೆ ಕೂತು ಓದಬೇಕಾದ ಪುಸ್ತಕ. ಅದಕ್ಕಿಂತ ಹೆಚ್ಚಾದರೆ ಸದ್ಯಕ್ಕೆ ಕಪಾಟಿಗೆ. ಇಂಗ್ಲಿಷ್ ಪುಸ್ತಕಗಳಿಗೆ ಹೇಳುವ 'ಪುಟಕ್ಕೆ ಐದು ಗೊತ್ತಿಲ್ಲದ ಪದ' ಎಂಬ ಬೆರಳೆಣಿಕೆಯನ್ನು ಇಲ್ಲಿ ಹಾಗೆಯೇ ತಂದರೆ ನಡೆಯುವುದಿಲ್ಲ. 'ಹೋಗಬೇಕಾಗಿದ್ದುದರಿಂದ' ಎಂಬುದು ಎಣಿಕೆಗೆ ಒಂದು ಪದ, ಅದರಲ್ಲಿ ಅಕ್ಷರ ಒಂಬತ್ತು, ಅರ್ಥದಲ್ಲಿ ಒಂದು ಪೂರ್ತಿ ಉಪವಾಕ್ಯ. ಕನ್ನಡದಲ್ಲಿ ಪದ ಎಣಿಸುವುದಕ್ಕಿಂತ ಪದದೊಳಗಿನ ಅಕ್ಷರ ಮತ್ತು ಒತ್ತು ಎಣಿಸುವುದು ಹೆಚ್ಚು ನಿಜ ಹೇಳುತ್ತದೆ.

ಓದು ಬಾರದ ಪುಟ್ಟವರಿಗೆ

ಐದು ವರ್ಷದೊಳಗಿನ ಮಗುವಿನ ಪುಸ್ತಕವನ್ನು ಓದುವವರು ದೊಡ್ಡವರು. ಹಾಗಾಗಿ ಪರೀಕ್ಷೆ ದೊಡ್ಡವರ ನಾಲಿಗೆಗೇ. ಅಂಗಡಿಯಲ್ಲಿ ನಿಂತು ಎರಡು ಪುಟ ಗಟ್ಟಿಯಾಗಿ ಓದಿ. ನಿಮಗೇ ತೊಡರಿದರೆ, ಅದು ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಅನುವಾದವಾಗಿದ್ದರೂ ಇರಬಹುದು, ಇಟ್ಟುಬಿಡಿ. ಮಗು ಅದೇ ಪುಸ್ತಕವನ್ನು ನಲವತ್ತು ಸಲ ಓದಿಸಿಕೊಳ್ಳುತ್ತದೆ. ನಾಲಿಗೆಗೆ ಹಿತವಿಲ್ಲದ್ದನ್ನು ಯಾರೂ ನಲವತ್ತು ಸಲ ಓದಲಾರರು.

ಪುಟಕ್ಕೆ ಒಂದೆರಡು ಸಾಲು, ಮರುಕಳಿಸುವ ಒಂದು ಮಾತು, ಪ್ರಾಸ, ಪ್ರಾಣಿಗಳ ಕೂಗು, ಬರೀ ಚಿತ್ರ ನೋಡಿಯೂ ಹೇಳಬಹುದಾದ ಕತೆ: ಇಷ್ಟು ಇದ್ದರೆ ಸಾಕು. ಎರಡು ವರ್ಷದೊಳಗೆ ದಪ್ಪ ರಟ್ಟಿನ ಹಾಳೆ, ದುಂಡಗೆ ಕತ್ತರಿಸಿದ ಮೂಲೆ, ಹತ್ತು ಹನ್ನೆರಡು ಪುಟ. ಪುಸ್ತಕ ಬಾಯಿಗೆ ಹೋಗುತ್ತದೆ, ಅದೂ ಓದಿನ ಒಂದು ಭಾಗವೇ. ಸ್ಟೇಪಲ್ ಪಿನ್ ಹಾಕಿದ ಪುಸ್ತಕ ಆ ವಯಸ್ಸಿಗೆ ಖಂಡಿತ ಬೇಡ.

'ಹೋಗುತ್ತಾನೆ' ಎಂದು ಅಚ್ಚಾಗಿದ್ದರೆ 'ಹೋಗ್ತಾನೆ' ಎಂದೇ ಓದಿ. ಧಾರವಾಡದ ಮನೆಯಲ್ಲಿ ಧಾರವಾಡದ ಮಾತಿಗೆ, ಕುಂದಾಪುರದಲ್ಲಿ ಕುಂದಗನ್ನಡಕ್ಕೆ ತಿರುಗಿಸಿಕೊಳ್ಳಿ. ಅಚ್ಚಿನ ಕನ್ನಡ ಮಗುವಿಗೆ ಮುಂದೆ ಹೇಗೂ ಸಿಗುತ್ತದೆ. ಪುಸ್ತಕದೊಳಗಿನ ಜನ ತನ್ನ ಮನೆಯವರ ಹಾಗೆಯೇ ಮಾತಾಡುತ್ತಾರೆ ಎಂಬ ಭಾವನೆ ಮೊದಲು ಬರಲಿ.

ಹಳೆಯ ಶಿಶುಗೀತೆಗಳಲ್ಲಿ ಎರಡು ದನಿಯವು ವಿಶೇಷವಾಗಿ ಒದಗುತ್ತವೆ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಪೂರ್ತಿ ಪ್ರಶ್ನೋತ್ತರ. ಒಂದು ದನಿ ಅಪ್ಪನದು, ಇನ್ನೊಂದು ಮಗುವಿನದು ಎಂದು ಹಂಚಿಕೊಂಡರೆ ನಾಲ್ಕೇ ದಿನದಲ್ಲಿ ಬಾಯಿಪಾಠ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬ್ರೌನಿಂಗ್‌ನ ಇಂಗ್ಲಿಷ್ ಕವನವನ್ನು ಕನ್ನಡದ ಹಳ್ಳಿಗೆ ತಂದದ್ದು, ಉದ್ದವಾದ ಕಥನಕವನ. ಮೂರು ವರ್ಷದವರಿಗೆ ಅದು ಹೆಚ್ಚಾಯಿತು. ಐದಾರು ವರ್ಷ ದಾಟಿದ ಮೇಲೆ, ಇಲಿಗಳು ಬರುವ ಭಾಗವನ್ನು ಕುಣಿಸಿ ಓದಿದರೆ ಮಕ್ಕಳು ಬಿಡುವುದೇ ಇಲ್ಲ.

ಅಕ್ಷರ ಕೂಡಿಸುವ ಹೊತ್ತಿನಲ್ಲಿ

ಇಲ್ಲಿ ನಡೆಯುವಷ್ಟು ತಪ್ಪು ಬೇರೆಲ್ಲೂ ನಡೆಯುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನಿಸೋಣ.

ಸರ್ಕಾರಿ ಶಾಲೆಗಳ ನಲಿಕಲಿ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ಅ ಆ ಇ ಈ ಎಂಬ ವರ್ಣಮಾಲೆಯ ಸಾಲಿನಿಂದ ಶುರುಮಾಡುವುದಿಲ್ಲ. ಮೊದಲು 'ರ ಗ ಸ ದ ಅ', ಆಮೇಲೆ 'ಜ ವ ಮ ಬ ನ', ಹೀಗೆ ಗುಂಪು ಗುಂಪಾಗಿ ಕಲಿಯುತ್ತಾರೆ. ಬರೆಯಲು ಹತ್ತಿರದ ಆಕಾರಗಳು, ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳು. ಮೊದಲ ಗುಂಪಿನಿಂದಲೇ 'ಅರಸ', 'ಸರ', 'ಗರಗಸ' ಹುಟ್ಟುತ್ತವೆ. ಎರಡನೆಯದು ಸೇರಿದರೆ 'ಮರ', 'ದನ', 'ಜನ', 'ಬಸವ'. ನಿಮ್ಮ ಮಗು ಯಾವ ಗುಂಪಿನವರೆಗೆ ಬಂದಿದೆ ಎಂದು ಶಿಕ್ಷಕರನ್ನು ಕೇಳಿ, ಅಷ್ಟೇ ಅಕ್ಷರಗಳು ಹೆಚ್ಚಾಗಿ ಬರುವ ಪುಸ್ತಕ ಹುಡುಕಿ.

ಅಲ್ಲಿಂದ ಮುಂದಿನ ಮೆಟ್ಟಿಲುಗಳು ಹೀಗೆ: ಗುಣಿತಾಕ್ಷರ, ಆಮೇಲೆ ಸಜಾತೀಯ ಒತ್ತು (ಅಮ್ಮ, ಅಕ್ಕ, ಹಣ್ಣು, ಬೆಕ್ಕು), ಆಮೇಲೆ ವಿಜಾತೀಯ ಒತ್ತು (ಪುಸ್ತಕ, ಚಂದ್ರ), ಅರ್ಕಾವತ್ತು (ಸೂರ್ಯ, ಅರ್ಧ), ಕೊನೆಗೆ ಎರಡೆರಡು ಒತ್ತು ಹೊತ್ತ ರಾಷ್ಟ್ರ, ಸ್ತ್ರೀ. ಸಜಾತೀಯ ಒತ್ತು ನೋಡಲು ತೊಡಕೆನಿಸಿದರೂ ಮಗುವಿಗೆ ಬೇಗ ಹತ್ತುತ್ತದೆ, ಏಕೆಂದರೆ ಮನೆಮಾತಿನ ಅರ್ಧ ಪದಗಳಲ್ಲಿ ಅದೇ ಇದೆ. ಕಾಡುವುದು ವಿಜಾತೀಯ. ಮಕ್ಕಳ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ಒಂದು ಪುಟದಲ್ಲಿ ವಿಜಾತೀಯ ಒತ್ತು ಎಷ್ಟಿವೆ ಎಂದು ಬೆರಳಿಟ್ಟು ಎಣಿಸಿ. ಆಗತಾನೆ ಒತ್ತು ಕಲಿಯುತ್ತಿರುವ ಮಗುವಿಗೆ ಪುಟಕ್ಕೆ ಮೂರು ನಾಲ್ಕು ಸಾಕು. 'ಪ್ರಶ್ನಿಸಿದನು', 'ಆಶ್ಚರ್ಯಚಕಿತನಾದನು' ಎಂದು ಬರೆದಿರುವ ಕತೆಗಿಂತ 'ಕೇಳಿದ', 'ಬೆರಗಾದ' ಎಂದು ಬರೆದಿರುವ ಕತೆ ಈ ಹಂತಕ್ಕೆ ಮೇಲು.

ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಮಕ್ಕಳ ಪುಸ್ತಕಗಳಿಗೆ ನಾಲ್ಕು ಹಂತಗಳನ್ನು ಗುರುತಿಸಿದೆ. ಅದು 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳನ್ನು ಹಂತದ ಪ್ರಕಾರ ಹುಡುಕಿ, ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು, ಪರವಾನಗಿಯೇ ಮುಕ್ತವಾದದ್ದು. ಮೊದಲ ಹಂತಕ್ಕೆ 250 ಪದದೊಳಗೆ, ಎರಡನೆಯದಕ್ಕೆ 250ರಿಂದ 600, ಮೂರನೆಯದಕ್ಕೆ 600ರಿಂದ 1500, ಅದರಾಚೆ ನಾಲ್ಕನೆಯದು. ಆದರೆ ಒಂದು ಎಚ್ಚರ. ಇಂಗ್ಲಿಷಿನಲ್ಲಿ ಮೊದಲ ಹಂತದ ಕತೆ ಕನ್ನಡಕ್ಕೆ ಬಂದಾಗ ಪದಗಳು ಕಡಿಮೆಯಾಗುತ್ತವೆ, ಪ್ರತಿ ಪದ ಉದ್ದವಾಗುತ್ತದೆ, ಒತ್ತುಗಳು ಸೇರಿಕೊಳ್ಳುತ್ತವೆ. ಹಂತದ ಸಂಖ್ಯೆ ಹಾಗೆಯೇ ಉಳಿದಿರುತ್ತದೆ. ಅನುವಾದಿತ ಕತೆಯಾದರೆ ಹಂತ ನೋಡಿದ ಮೇಲೂ ಪುಟ ತೆರೆದು ಒತ್ತು ಎಣಿಸಲೇಬೇಕು. ಕನ್ನಡದಲ್ಲೇ ಹುಟ್ಟಿದ ಕತೆಗಳಲ್ಲಿ ಈ ತೊಂದರೆ ಕಡಿಮೆ.

ಅಚ್ಚಿನ ಮೇಲೂ ಕಣ್ಣಿರಲಿ. ದ ಮತ್ತು ಧ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಥ ಗುರುತಾಗುವುದು ಹೊಟ್ಟೆಯೊಳಗಿನ ಚುಕ್ಕೆಯಿಂದ. ಮಸುಕು ಮುದ್ರಣದಲ್ಲಿ ಆ ಗೀಟು, ಚುಕ್ಕೆ ಮಾಯವಾಗುತ್ತವೆ, ತಪ್ಪು ಓದಿದ್ದಕ್ಕೆ ಮಗು ಬೈಸಿಕೊಳ್ಳುತ್ತದೆ. ಅಕ್ಷರ ಕೂಡಿಸಿ ಓದುವವರಿಗೆ 18ರಿಂದ 24 ಪಾಯಿಂಟ್ ಅಕ್ಷರ ಬೇಕು. ಒತ್ತುಗಳು ಕೆಳಗೆ ಜೋತಾಡುವುದರಿಂದ ಸಾಲುಗಳ ನಡುವೆ ಧಾರಾಳ ಜಾಗವೂ ಬೇಕು. 'ರಾಷ್ಟ್ರ'ದ ಬಾಲ ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗುತ್ತಿದ್ದರೆ ಆ ಪುಟವನ್ನು ಹೊಸ ಓದುಗರು ಓದಲಾರರು. ಸೊಟ್ಟಪಟ್ಟ ಅಲಂಕಾರದ ಅಕ್ಷರಗಳು ಮುಖಪುಟಕ್ಕೆ ಇರಲಿ, ಒಳಗೆ ಬೇಡ.

ಇನ್ನೊಂದು ದೋಷ ಕನ್ನಡಕ್ಕೇ ಸೇರಿದ್ದು. 'ಅರ್ಥ' ಎಂದಿರಬೇಕಾದ ಕಡೆ 'ಅಥ೯' ಎಂದು, ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತಿರುತ್ತಾರೆ. ಸೊನ್ನೆಯ ಅನುಸ್ವಾರಕ್ಕೆ ಬದಲು ಅಂಕಿಯ ಸೊನ್ನೆ '೦' ಬಂದಿರುತ್ತದೆ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಒತ್ತುಗಳು ಕಳಚಿ ಪಕ್ಕಕ್ಕೆ ಬಿದ್ದಿರುತ್ತವೆ. ಮಕ್ಕಳ ಪುಸ್ತಕದ ಎರಡು ಪುಟದಲ್ಲಿ ಇಂಥದ್ದು ಒಂದು ಕಂಡರೂ ಕೊಳ್ಳಬೇಡಿ. ಮಗು ಅಚ್ಚಾದದ್ದನ್ನೆಲ್ಲ ಸರಿ ಎಂದೇ ನಂಬುತ್ತದೆ.

ಎಂಟರಿಂದ ಹದಿನಾಲ್ಕು

ಈ ವಯಸ್ಸಿನವರಿಗೆ ವಿಷಯವೇ ಮುಖ್ಯ. ಕ್ರಿಕೆಟ್, ಹಾವು, ರಾಕೆಟ್, ದೆವ್ವ, ಅಡುಗೆ, ಯಾವುದರ ಹುಚ್ಚಿದೆಯೋ ಅದರ ಪುಸ್ತಕ ಕೊಡಿ, ನೀತಿಕತೆಯೇ ಆಗಬೇಕಿಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಿವಿಗೆ ಹತ್ತು ವರ್ಷದ ಕನ್ನಡ ಇರುತ್ತದೆ, ಕಣ್ಣಿಗೆ ಆರು ವರ್ಷದ್ದು. ಓದಲು ಬರುವುದು ಆರು ವರ್ಷದವರ ಪುಸ್ತಕ ಎಂದು ಅದನ್ನು ಕೊಟ್ಟರೆ ಅವಮಾನವಾಗಿ ಬಿಸಾಡುತ್ತಾರೆ. ಅಂಥವರಿಗೆ ಹತ್ತು ವರ್ಷದವರ ಕತೆಯನ್ನೇ ಆರಿಸಿ, ಅಧ್ಯಾಯ ಆರೇಳು ಪುಟ ಮೀರದಿರಲಿ. ಅರ್ಧ ನೀವು ಓದಿ, ಕುತೂಹಲ ಕೆರಳಿದ ಕಡೆ ನಿಲ್ಲಿಸಿ ಪುಸ್ತಕವನ್ನು ಅವರ ಕೈಗೆ ಬಿಡಿ. ಸಂಭಾಷಣೆ ಹೆಚ್ಚಿರುವ ಪುಟಗಳು ಅವರ ಪಾಲಿಗೆ ಬರುವಂತೆ ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು. ಹೊರದೇಶದ ಮಕ್ಕಳಿಗೂ ಇದೇ ದಾರಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವ ಪುಸ್ತಕ ಹಾಡು ಕಲಿಸಲು ಆದೀತು. ಓದು ಕಲಿಸಲು ಅದನ್ನೇ ಹಿಡಿದರೆ ಲಿಪಿ ದೂರವೇ ಉಳಿಯುತ್ತದೆ.

ಒಂದೇ ಸಲ ಕೂತು ಮುಗಿಸುವ ಪುಸ್ತಕಗಳಿಗೆ ದೊಡ್ಡ ಬಲವಿದೆ. ರಾಷ್ಟ್ರೋತ್ಥಾನ ಸಾಹಿತ್ಯದ ಭಾರತ ಭಾರತಿ ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳಿವೆ, ಒಂದೊಂದರಲ್ಲೂ ಒಂದು ಜೀವನಚರಿತ್ರೆ. ಜೇಬಿಗೆ ಹಿಡಿಸುವ ಗಾತ್ರ. ಮುಗಿಸಿದೆ ಎಂಬ ಹೆಮ್ಮೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ವಿಜ್ಞಾನಕ್ಕೆ ನವಕರ್ನಾಟಕ ಪ್ರಕಾಶನದ ಪಟ್ಟಿ ಮೊದಲು ನೋಡತಕ್ಕದ್ದು.

ಮಾಹಿತಿ ಪುಸ್ತಕಗಳಲ್ಲಿ ಮುದ್ರಣದ ವರ್ಷಕ್ಕೆ ಮೋಸ ಹೋಗಬೇಡಿ. 'ಮುದ್ರಣ: 2024' ಎಂದಿದ್ದರೂ ಒಳಗಿನ ಮಾತು ಇಪ್ಪತ್ತು ವರ್ಷ ಹಳತಿರಬಹುದು. ಗ್ರಹಗಳು ಒಂಬತ್ತು ಎಂದಿದ್ದರೆ ಅದು 2006ಕ್ಕೆ ಹಿಂದಿನ ಮಾತು, ಆ ವರ್ಷ ಪ್ಲೂಟೊ ಕುಬ್ಜ ಗ್ರಹವಾಯಿತು. ಕರ್ನಾಟಕದ ಜಿಲ್ಲೆ 30 ಎಂದಿದ್ದರೆ ವಿಜಯನಗರ ಜಿಲ್ಲೆಯಾದ 2021ಕ್ಕೆ ಹಿಂದಿನದು. ದೇಶದ ರಾಜ್ಯಗಳು 29 ಎಂದಿದ್ದರೆ ಜಮ್ಮು-ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ 2019ಕ್ಕೆ ಹಿಂದಿನದು. ಈ ಮೂರು ಪುಟಗಳನ್ನು ತಿರುವಿದರೆ ಪುಸ್ತಕವನ್ನು ನಿಜವಾಗಿ ಪರಿಷ್ಕರಿಸಿದ್ದಾರೋ ಬರೀ ಮರುಮುದ್ರಿಸಿದ್ದಾರೋ ಗೊತ್ತಾಗುತ್ತದೆ. ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಮೂರು ಸಂಪುಟ, 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಇಂದು ಮಾಹಿತಿಗಾಗಿ ಮಗುವಿಗೆ ಕೊಡಬೇಡಿ. ವಿಜ್ಞಾನವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಹೇಗೆಂದು ಕಲಿಯಬೇಕಾದ ಶಿಕ್ಷಕರಿಗೆ ಮಾತ್ರ ಅವು ಇವತ್ತಿಗೂ ಪಠ್ಯ.

ಹದಿಹರೆಯದವರು, ಓದಿಗೆ ಮರಳುವವರು

ಈ ಎರಡು ಗುಂಪಿಗೆ ಒಂದೇ ಸಮಸ್ಯೆ: ಕೊಡುವವರ ಪ್ರೀತಿ. ತಮಗೆ ಅತಿ ಪ್ರಿಯವಾದ ಮಹಾಕಾದಂಬರಿಯನ್ನೇ ಮೊದಲ ಪುಸ್ತಕವಾಗಿ ಕೊಡುತ್ತಾರೆ. 'ಮಲೆಗಳಲ್ಲಿ ಮದುಮಗಳು' ಕನ್ನಡದ ಶಿಖರವೇ ಸರಿ. ಆದರೆ ಅದು ಬಹಳ ದಪ್ಪ, ಹತ್ತಾರು ಪಾತ್ರಗಳು, ಮಲೆನಾಡಿನ ನುಡಿ, ಒಬ್ಬನೇ ನಾಯಕನಿಲ್ಲದ ಕತೆ. ಎಂಬತ್ತನೇ ಪುಟದ ಹೊತ್ತಿಗೆ ಹೊಸಬರು ಯಾರು ಯಾರ ಮನೆಯವರೆಂದು ತಿಳಿಯದೆ ಕೈಬಿಡುತ್ತಾರೆ. ಅದನ್ನೇ ಓದಬೇಕೆಂದರೆ ಒಂದು ಚೀಟಿಯಲ್ಲಿ ಮನೆಗಳ ಹೆಸರು ಬರೆದು, ಪಾತ್ರ ಬಂದಂತೆ ಆಯಾ ಮನೆಯ ಕೆಳಗೆ ಗುರುತು ಹಾಕಿಕೊಳ್ಳಬೇಕು. ನೂರು ಪುಟ ದಾಟಿದ ಮೇಲೆ ಚೀಟಿ ಬೇಕಾಗುವುದಿಲ್ಲ.

ಹದಿನಾಲ್ಕು ಹದಿನೈದರವರಿಗೆ ಪೂರ್ಣಚಂದ್ರ ತೇಜಸ್ವಿ ಹೆಬ್ಬಾಗಿಲು. 'ಪರಿಸರದ ಕತೆ' ಬಿಡಿಬಿಡಿ ಬರಹಗಳಾದ್ದರಿಂದ ಎಲ್ಲಿಂದ ಬೇಕಾದರೂ ತೆರೆಯಬಹುದು, ಅದರ ನಂತರ 1980ರ 'ಕರ್ವಾಲೊ'. ಕಾರಂತರನ್ನು ಶುರುಮಾಡುವವರು 'ಮರಳಿ ಮಣ್ಣಿಗೆ'ಯಿಂದ ಬೇಡ, 'ಚೋಮನ ದುಡಿ' ಅಥವಾ 'ಬೆಟ್ಟದ ಜೀವ'ದಿಂದ ಒಳಗೆ ಬರಲಿ. ಇಪ್ಪತ್ತು ವರ್ಷ ಕನ್ನಡ ಪುಸ್ತಕ ಮುಟ್ಟದವರಿಗೆ 150 ಪುಟದೊಳಗಿನದು, ಇಂದಿನ ನಗರದ ಬದುಕಿನದು ಹೊಂದುತ್ತದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಅದಕ್ಕೆ ತಕ್ಕುದು. ಕಣ್ಣು ಮತ್ತೆ ಕನ್ನಡದ ಸಾಲಿಗೆ ಒಗ್ಗಲು ಮೊದಲ ಮೂವತ್ತು ಪುಟ ಬೇಕು. ಆ ಮೂವತ್ತು ಪುಟ ನಿಧಾನವಾಗಿ ಸಾಗುವುದು ಸಹಜ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧದಲ್ಲಿ ಬಿಡುವುದು ತಪ್ಪುತ್ತದೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ದೀಪಾ ಭಾಸ್ತಿ ಅವರ ಅನುವಾದದ ಮೂಲಕ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ 'ಹಾರ್ಟ್ ಲ್ಯಾಂಪ್'ನ ಕನ್ನಡ ಕೊಡಿ ಎಂದು ಕೇಳುವವರು ಹಲವರು. ಅದು ಒಂದು ಕನ್ನಡ ಪುಸ್ತಕದ ಅನುವಾದವಲ್ಲ. 1990ರಿಂದ 2023ರವರೆಗಿನ ಕತೆಗಳಿಂದ 12ನ್ನು ಆಯ್ದು ಕಟ್ಟಿದ ಸಂಕಲನ. ಕನ್ನಡ ಸಂಕಲನ ಕೊಳ್ಳುವ ಮುನ್ನ ಪರಿವಿಡಿಯನ್ನು ಹೋಲಿಸಿ ನೋಡಬೇಕು.

ಪ್ರದೇಶದ ನುಡಿಯಲ್ಲಿ ಬರೆದ ಪುಸ್ತಕಗಳಿಗೆ ಬೇರೆ ಲೆಕ್ಕ. ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಕಣ್ಣಿನಲ್ಲಿ ಓದಿದವರು ಮೂರನೇ ಪುಟದಲ್ಲಿ ನಿಲ್ಲುತ್ತಾರೆ, ಬಾಯಿಬಿಟ್ಟು ಓದಿದವರು ಮುಂದೆ ಹೋಗುತ್ತಾರೆ. ಅದಕ್ಕೆ ಮೊದಲು ಅವರ 'ಒಡಲಾಳ' ಓದಿದ್ದರೆ ಕಿವಿ ಪಳಗಿರುತ್ತದೆ. ಬೇಂದ್ರೆಯವರ ಕವನಗಳೂ ಹೀಗೆಯೇ: ಧಾರವಾಡದವರ ಬಾಯಲ್ಲಿ ಒಮ್ಮೆ ಕೇಳಿ, ಆಮೇಲೆ ಪುಸ್ತಕ.

ಹೊಸದಾಗಿ ಅಕ್ಷರ ಕಲಿತ ದೊಡ್ಡವರಿಗೆ ಮಕ್ಕಳ ಕತೆ ಕೊಡಬೇಡಿ. ಅಕ್ಷರ ದೊಡ್ಡದಿರಲಿ, ವಿಷಯ ದೊಡ್ಡವರದೇ ಇರಲಿ: ಬೆಳೆ, ಆರೋಗ್ಯ, ಹಕ್ಕುಪತ್ರ, ಜಾನಪದ ಹಾಡು. ಬಾಯಿಗೆ ಬರುವ ಹಾಡನ್ನು ಅಚ್ಚಿನಲ್ಲಿ ನೋಡಿದಾಗ ಅವರ ಓದಿಗೆ ರೆಕ್ಕೆ ಬರುತ್ತದೆ.

ವಯಸ್ಸಾದ ಕಣ್ಣಿಗೆ

ಅಜ್ಜನಿಗೋ ಅಜ್ಜಿಗೋ ಪುಸ್ತಕ ಕೊಡುವಾಗ ಮೊದಲು ತೂಕ. ಏಳುನೂರು ಪುಟದ ಗಟ್ಟಿ ರಟ್ಟಿನ ಪುಸ್ತಕವನ್ನು ಮಲಗಿ ಓದಲು ಆಗದು. ಅದೇ ಕೃತಿ ಎರಡು ಭಾಗವಾಗಿ ಸಿಕ್ಕರೆ ಅದನ್ನು ಕೊಳ್ಳಿ. ಸಾಮಾನ್ಯ ಪುಸ್ತಕಗಳ ಅಕ್ಷರ 11–12 ಪಾಯಿಂಟ್ ಇರುತ್ತದೆ, ಇವರಿಗೆ 16 ಬೇಕು. ತಾಂತ್ರಿಕ ಪುಟದಲ್ಲಿ, ಅಂದರೆ ಹಕ್ಕು ಮತ್ತು ಮುದ್ರಣದ ವಿವರವಿರುವ ಪುಟದಲ್ಲಿ, ಡೆಮಿ 1/8, ಕ್ರೌನ್ 1/8 ಎಂದು ಪುಸ್ತಕದ ಆಕಾರವನ್ನೂ, 70 ಜಿ.ಎಸ್.ಎಂ. ಮ್ಯಾಪ್‌ಲಿಥೊ ಎಂದು ಕಾಗದವನ್ನೂ ನಮೂದಿಸಿರುತ್ತಾರೆ. ತೆಳುಕಾಗದವಾದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಹಾಯುತ್ತದೆ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಗೆ ಹೊಳೆಯುವ ಕಾಗದಕ್ಕಿಂತ ತುಸು ಹಳದಿ ಛಾಯೆಯದು ಕಣ್ಣಿಗೆ ತಂಪು. ಕಣ್ಣು ತೀರ ಸೋತವರಿಗೆ ಮೈಲ್ಯಾಂಗ್‌ನಂಥ ಆಪ್‌ಗಳಲ್ಲಿ ಕನ್ನಡದ ಕೇಳುಪುಸ್ತಕಗಳಿವೆ.

ಉಡುಗೊರೆಗೆ ಎಲ್ಲರೂ ಕೊಳ್ಳುವ 'ಮಂಕುತಿಮ್ಮನ ಕಗ್ಗ'ದ ಬಗ್ಗೆ ಒಂದು ಮಾತು. 945 ಪದ್ಯಗಳು, ಸಂಧಿಯಾಗಿ ಹೆಣೆದುಕೊಂಡ ಸಾಲುಗಳು. ಬರೀ ಮೂಲವಿರುವ ಚಂದದ ಪ್ರತಿ ಶೋಕೇಸಿನಲ್ಲೇ ಉಳಿಯುತ್ತದೆ. ಪದಚ್ಛೇದ, ಅಂದರೆ ಸಂಧಿ ಬಿಡಿಸಿದ ಪದಗಳು, ಮತ್ತು ಅರ್ಥ ಕೊಟ್ಟಿರುವ ಆವೃತ್ತಿಯನ್ನು ಕೊಟ್ಟರೆ ದಿನಕ್ಕೊಂದು ಪದ್ಯವಾದರೂ ಓದುತ್ತಾರೆ.

ಹಳೆಯ ಕಾವ್ಯಕ್ಕೆ ಇಳಿಯುವವರು

ಚರಿತ್ರೆಯ ಕ್ರಮದಲ್ಲಿ ಪಂಪನಿಂದ ಶುರುಮಾಡಿದವರು ಪಂಪನಲ್ಲೇ ಮುಳುಗುತ್ತಾರೆ. ಕಾಲದಲ್ಲಿ ಹಿಂದಕ್ಕೆ ನಡೆಯಿರಿ. ವಚನಗಳು, ದಾಸರ ಪದಗಳು ಹೇಗೂ ಕಿವಿಗೆ ಬಿದ್ದಿರುತ್ತವೆ, ಅಲ್ಲಿಂದ ಕುಮಾರವ್ಯಾಸ. ಅವನು ಬರೆದ ಆರು ಸಾಲಿನ ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, ಮೂರು ನಾಲ್ಕು ಮೂರು ನಾಲ್ಕು ಎಂದು ನಡೆಯುತ್ತವೆ. ಆ ನಡಿಗೆ ಬಾಯಿಗೆ ಹತ್ತಿದರೆ ಅರ್ಥ ತಾನೇ ಹಿಂಬಾಲಿಸುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರುಗಳಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಇಂದಿಗೂ ಬಾಳುತ್ತಿದೆ. ಗಮಕಿಗಳ ವಾಚನ ಕೇಳುತ್ತಾ ಪುಸ್ತಕ ಹಿಡಿದು ಹಿಂಬಾಲಿಸುವುದು ಎಲ್ಲಕ್ಕಿಂತ ಹತ್ತಿರದ ದಾರಿ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನೂ ಒಮ್ಮೆಗೇ ಓದಬೇಕಿಲ್ಲ, ವಿರಾಟಪರ್ವವೋ ಕರ್ಣಪರ್ವವೋ ಒಂದನ್ನು ಹಿಡಿಯಿರಿ.

ಅದರಾಚೆ ಹರಿಹರನ ರಗಳೆ. 'ಬಸವರಾಜದೇವರ ರಗಳೆ'ಯಲ್ಲಿ ಪದ್ಯದ ಸ್ಥಲ, ಗದ್ಯದ ಸ್ಥಲ ಒಂದಾದ ಮೇಲೊಂದು ಬರುವುದರಿಂದ ಉಸಿರಾಡಲು ಜಾಗವಿದೆ. ಹಳಗನ್ನಡಕ್ಕೆ ಮೊದಲ ಪುಸ್ತಕವಾಗಿ 'ವಡ್ಡಾರಾಧನೆ' ಒಳ್ಳೆಯದು: 19 ಕತೆಗಳು, ಗದ್ಯ, ಒಂದೇ ಬಗೆಯ ವಾಕ್ಯಗಳು ಮರಳಿ ಮರಳಿ ಬರುತ್ತವೆ, ಮೂರನೇ ಕತೆಯ ಹೊತ್ತಿಗೆ ವಿಭಕ್ತಿ, ಕ್ರಿಯಾರೂಪಗಳು ಪರಿಚಿತವಾಗುತ್ತವೆ. ಆಮೇಲೆ ರನ್ನ, ಆಮೇಲೆ ಪಂಪ. ಯಾವ ಹಂತದಲ್ಲೂ ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಅಥವಾ ಕೆಳಗೆ ಹೊಸಗನ್ನಡ ಗದ್ಯ, ಜೊತೆಗೆ ಪದಚ್ಛೇದ ಇರುವ ಪ್ರತಿಯೇ ಬೇಕು. ಬರೀ ಸಾರಾಂಶದ ಪುಸ್ತಕ ಪರೀಕ್ಷೆಗೆ ಓದುವವರಿಗೆ ಆದೀತು. ಮೂಲವನ್ನು ಓದಬೇಕೆಂದವರನ್ನು ಅದು ಹೊಸ್ತಿಲಲ್ಲೇ ನಿಲ್ಲಿಸುತ್ತದೆ.

ಸಂಶೋಧಕರಿಗೆ ಆವೃತ್ತಿಯೇ ಪುಸ್ತಕ

ವಿದ್ಯಾರ್ಥಿ ಸಂಶೋಧಕರು ಮಾಡುವ ಮೊದಲ ತಪ್ಪು: 'ಪಂಪಭಾರತ ಬೇಕು' ಎಂದು ಕೇಳಿ ಸಿಕ್ಕಿದ್ದನ್ನು ತರುವುದು. ಕೇಳಬೇಕಾದದ್ದು ಯಾರ ಸಂಪಾದನೆ, ಎಷ್ಟನೇ ಆವೃತ್ತಿ ಎಂದು. ಮುದ್ರಣ ಬೇರೆ, ಆವೃತ್ತಿ ಬೇರೆ; 'ಐದನೇ ಮುದ್ರಣ'ದಲ್ಲಿ ಒಂದಕ್ಷರವೂ ಬದಲಾಗಿರದೆ ಇರಬಹುದು, 'ಎರಡನೇ ಪರಿಷ್ಕೃತ ಆವೃತ್ತಿ'ಯಲ್ಲಿ ಪಾಠವೇ, ಅಂದರೆ ಮೂಲದ ಪದಗಳೇ, ಬದಲಾಗಿರಬಹುದು.

ಪ್ರತಿ ಕೈಗೆ ಬಂದಾಗ ಪೀಠಿಕೆಯಲ್ಲಿ ಮೂರನ್ನು ಹುಡುಕಿ. ಯಾವ ಯಾವ ಓಲೆಗರಿ, ಕಾಗದದ ಪ್ರತಿಗಳನ್ನು ನೋಡಿದ್ದಾರೆ. ಅವಕ್ಕೆ ಕೊಟ್ಟ ಸಂಕೇತಾಕ್ಷರಗಳೇನು. ಅಡಿಟಿಪ್ಪಣಿಯಲ್ಲಿ ಪಾಠಾಂತರ, ಅಂದರೆ ಬೇರೆ ಪ್ರತಿಗಳಲ್ಲಿ ಕಂಡ ಬೇರೆ ರೂಪ, ಕೊಟ್ಟಿದ್ದಾರೆಯೇ. ಮೂರೂ ಇಲ್ಲದಿದ್ದರೆ ಅದು ಓದಿಗೆ ಆಗುವ ಪುಸ್ತಕ, ವಾದಕ್ಕೆ ಆಧಾರವಾಗುವುದಿಲ್ಲ. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿ 1958ರಲ್ಲಿ ಸರ್ಕಾರ ಹೊರತಂದ ಕುಮಾರವ್ಯಾಸ ಭಾರತ ಮನೆಮನೆಗೆ ತಲುಪಲೆಂದು ಮಾಡಿದ್ದು. ಪಾಠದ ಚರ್ಚೆಗೆ ಬೇರೆ ಸಂಪಾದನೆಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಆಮೇಲೆ ಹಳಗನ್ನಡದ ಅಕ್ಷರಗಳಾದ ೞ ಮತ್ತು ಱ ಉಳಿದಿವೆಯೇ ನೋಡಿ. ಸುಲಭವಾಗಲೆಂದು ಇವನ್ನು ಳ, ರ ಎಂದು ಬದಲಿಸಿದ ಪ್ರತಿಗಳಿವೆ. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಅಕ್ಷರ ಸವರಿದ ಪ್ರತಿಯನ್ನು ನಂಬಿ ಅರ್ಥ ಹೇಳಿದರೆ ಬದುಕಿದ್ದವನು ಕತ್ತಿಯಾಗುತ್ತಾನೆ; ಎರಡನೆಯ ಅಕ್ಷರದ ಪ್ರಾಸದ ವಿಚಾರವಂತೂ ಪೂರ್ತಿ ಕೆಡುತ್ತದೆ.

ವಚನಗಳಿಗೆ ಆಕರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು, ಒಟ್ಟು 15. ಫೋನಿನಲ್ಲಿ ಹರಿದಾಡುವ ವಚನವನ್ನು ಉಲ್ಲೇಖಿಸುವ ಮುನ್ನ ಸಂಪುಟ ಸಂಖ್ಯೆ, ವಚನ ಸಂಖ್ಯೆ ಸಿಗುತ್ತದೆಯೇ ನೋಡಿ, ಅಂಕಿತ (ವಚನದ ಕೊನೆಯಲ್ಲಿ ಬರುವ ವಚನಕಾರರ ಗುರುತಿನ ಹೆಸರು) ಸರಿಯೇ ನೋಡಿ; ಸಿಗದಿದ್ದರೆ ಬಳಸಬೇಡಿ. ಬೇಗ ಹುಡುಕಲು ವಚನ ಸಂಚಯ ಜಾಲತಾಣವಿದೆ, ಆದರೆ ಉಲ್ಲೇಖ ಅಚ್ಚಿನ ಸಂಪುಟದಿಂದಲೇ ಇರಲಿ.

ಶಾಸನಗಳಲ್ಲಿ ಇನ್ನೊಂದು ಬಲೆ. ಬಿ.ಎಲ್. ರೈಸ್ ಅವರ 12 ಸಂಪುಟಗಳ ಎಪಿಗ್ರಾಫಿಯ ಕರ್ನಾಟಿಕ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಸಂಪುಟ ಸಂಖ್ಯೆ, ಶಾಸನ ಸಂಖ್ಯೆ ಎರಡೂ ಬೇರೆ. ಹಳೆಯ ಲೇಖನವೊಂದರಲ್ಲಿ ಕಂಡ ಸಂಖ್ಯೆ ಹಿಡಿದು ಹೊಸ ಸಂಪುಟ ತೆರೆದರೆ ಯಾವುದೋ ಊರಿನ ವೀರಗಲ್ಲು ಎದುರಾಗುತ್ತದೆ. ಉಲ್ಲೇಖಿಸುವಾಗ ಯಾವ ಆವೃತ್ತಿ, ಯಾವ ತಾಲ್ಲೂಕು, ಯಾವ ಸಂಖ್ಯೆ ಎಂದು ಮೂರನ್ನೂ ಬರೆಯಿರಿ.

ನಿಘಂಟಿನಲ್ಲಿ ಕಿಟ್ಟೆಲರದು (1894) ಒಂದು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳದು ಇನ್ನೊಂದು. ಪರಿಷತ್ತಿನದರಲ್ಲಿ ಪ್ರತಿ ಅರ್ಥಕ್ಕೂ ಪ್ರಯೋಗ ಕೊಟ್ಟಿರುವುದರಿಂದ ಪದ ಯಾವ ಕಾವ್ಯದಲ್ಲಿ ಹೇಗೆ ಬಂತೆಂದು ತಿಳಿಯುತ್ತದೆ. ಇಂದಿನ ಬರಹಕ್ಕೆ ಕನ್ನಡ–ಇಂಗ್ಲಿಷ್ ಬೇಕಾದರೆ ಜಾಲದಲ್ಲಿ ಪುಕ್ಕಟೆ ಸಿಗುವ ವಿ. ಕೃಷ್ಣ ಅವರ 'ಅಲರ್' ಸಾಕು.

ಜಾಲದಲ್ಲಿ ಸಿಗುವ ಸ್ಕ್ಯಾನ್ ಪ್ರತಿಗಳನ್ನು ಬಳಸುವಾಗ ಪುಟಸಂಖ್ಯೆಗಳನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡಿಸಿ ನೋಡಬೇಕು. ನಡುವೆ ಪುಟ ಹಾರಿರುವುದು, ಶೀರ್ಷಿಕೆ ಪುಟವೇ ಇಲ್ಲದಿರುವುದು, ಬೇರೆ ಪುಸ್ತಕದ ಹೆಸರಿನಲ್ಲಿ ಏರಿಸಿರುವುದು ಸಾಮಾನ್ಯ. ಇದೇ ಸ್ಕ್ಯಾನನ್ನು ಮುದ್ರಿಸಿ ಮಾರುವ ಪ್ರತಿಗಳೂ ಇವೆ, ಅವುಗಳಲ್ಲೂ ಅದೇ ಪುಟಗಳು ಕಾಣೆಯಾಗಿರುತ್ತವೆ. ಕಾವ್ಯವಾದರೆ ಪುಟಸಂಖ್ಯೆ ಬದಲು ಆಶ್ವಾಸ (ಕಾವ್ಯದ ಅಧ್ಯಾಯ) ಮತ್ತು ಪದ್ಯಸಂಖ್ಯೆ ಕೊಡಿ. ಬೇರೆ ಆವೃತ್ತಿ ಇಟ್ಟುಕೊಂಡವರಿಗೂ ಹುಡುಕಲು ದಾರಿಯಾಗುತ್ತದೆ.

ಹತ್ತಾರು ಓದುಗರಿಗೆ ಒಟ್ಟಿಗೆ ಕೊಳ್ಳುವಾಗ

ಶಾಲೆಗೋ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೋ ನೂರು ಪುಸ್ತಕ ಕೊಳ್ಳುವುದಾದರೆ, ಅರ್ಧದಷ್ಟು ಹತ್ತು ವರ್ಷದೊಳಗಿನವರ ತೆಳು ಚಿತ್ರಪುಸ್ತಕಗಳಿರಲಿ. ಅವು ಬೇಗ ಓದಿ ಮುಗಿಯುತ್ತವೆ, ಬೇಗ ಹರಿದೂ ಹೋಗುತ್ತವೆ. ಇಪ್ಪತ್ತೈದು ದೊಡ್ಡ ಮಕ್ಕಳಿಗೆ, ಇಪ್ಪತ್ತು ದೊಡ್ಡವರ ಕತೆ ಕಾದಂಬರಿ, ಐದು ನಿಘಂಟು, ಭೂಪಟದಂಥ ಆಕರಗಳು. ಎಲ್ಲರೂ ಕೇಳುವ ಪುಸ್ತಕದ ಮೂರು ಪ್ರತಿ ತನ್ನಿ. ಗ್ರಂಥಾವಳಿಗಳ ಪೂರ್ಣ ಸೆಟ್ ಕೊಂಡರೆ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ, ಮೊದಲ ಸಂಪುಟ ಮಾತ್ರ ಸವೆಯುತ್ತದೆ. ನವೆಂಬರಿನ ರಾಜ್ಯೋತ್ಸವದ ಹೊತ್ತಿಗೆ, ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಪ್ರಕಾಶಕರು ರಿಯಾಯಿತಿ ಕೊಡುವುದುಂಟು. ಪಟ್ಟಿ ಮೊದಲೇ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ರಿಯಾಯಿತಿ ಹೆಚ್ಚಿರುವ, ಯಾರೂ ಓದದ ಪುಸ್ತಕಗಳೇ ಚೀಲ ತುಂಬುತ್ತವೆ.

ಪ್ರತಿ ಪುಸ್ತಕದ ಹಿಂದಿನ ರಕ್ಷಾಪುಟಕ್ಕೆ ಒಂದು ಚೀಟಿ ಅಂಟಿಸಿ. ತೆಗೆದುಕೊಂಡ ದಿನ, ಮರಳಿಸಿದ ದಿನದ ಪಕ್ಕದಲ್ಲಿ 'ಯಾವ ಪುಟದವರೆಗೆ' ಎಂದು ಇನ್ನೊಂದು ಕಲಂ ಇರಲಿ. ಮೂರು ನಾಲ್ಕು ಜನ ಒಂದೇ ಪುಟದ ಸುತ್ತ ಬಿಟ್ಟಿದ್ದರೆ ಆ ಪುಟ ತೆರೆದು ನೋಡಿ: ಒತ್ತೋ, ನುಡಿಯೋ, ಮಸುಕು ಅಚ್ಚೋ, ಹರಿದ ಹಾಳೆಯೋ ಸಿಕ್ಕೇ ಸಿಗುತ್ತದೆ, ಮುಂದಿನ ಸಲ ಏನು ತರಬೇಕೆಂಬುದೂ ಅದರಿಂದಲೇ ಗೊತ್ತಾಗುತ್ತದೆ.